ಹಳೆಯ ಬೀದಿದೀಪಕ್ಕೆ ಹೊಸ ತಂತಿ

(ಕುಂಚಾವರಂನಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಹಳೆಯ ವಸ್ತುಗಳನ್ನು ಸಂಗ್ರಹಿಸಿ ದುರಸ್ತಿಗೊಳಿಸುವ ಹವ್ಯಾಸಗಳಲ್ಲಿ ಬೀದಿದೀಪಗಳ ಹವ್ಯಾಸ ತುಸು ಅಪರೂಪದ್ದು. ಕರ್ನಾಟಕದಲ್ಲಿ ಈ ದೀಪಗಳಿಗೆ ಶತಮಾನಕ್ಕೂ ಮೀರಿದ ಇತಿಹಾಸವಿದೆ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಬೆಳಗಿತು; ಅದಕ್ಕೂ ಮೊದಲು ಅಲ್ಲಿದ್ದುದು ಸೀಮೆಎಣ್ಣೆಯ ದೀಪ. ಆಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕುಂಚಾವರಂನ ಗುಡ್ಡಗಾಡಿಗೆ ಆ ಬೆಳಕು ತಲುಪಲು ಬಹಳ ಕಾಲ ಹಿಡಿಯಿತು. ಹಾವು, ಚೇಳುಗಳ ಭಯದಲ್ಲಿ ಕತ್ತಲೆಯ ದಾರಿ ನಡೆದವರಿಗೆ ಬೀದಿದೀಪದ ಬೆಲೆ ತಿಳಿದಿದೆ. ಆದ್ದರಿಂದ ಇಲ್ಲಿ ಹೇಳುವ ಮಾತು ಬೆಳಕಿನ ವಿರುದ್ಧವಾದುದಲ್ಲ.

2015ರಲ್ಲಿ ಆರಂಭವಾದ ರಾಷ್ಟ್ರೀಯ ಬೀದಿದೀಪ ಯೋಜನೆಯ ನಂತರ ದೇಶದಾದ್ಯಂತ ಹಳೆಯ ಪಾದರಸ ಹಾಗೂ ಸೋಡಿಯಂ ದೀಪಗಳ ಸ್ಥಾನದಲ್ಲಿ ಎಲ್‌ಇಡಿ ದೀಪಗಳು ಬಂದವು. ಕಳಚಿದ ದೀಪಗಳು ಗುಜರಿಯ ಪಾಲಾದವು. ಹವ್ಯಾಸಿಯ ಕೆಲಸ ಆರಂಭವಾಗುವುದು ಅಲ್ಲಿಂದ. ಕಂಬದ ಮೇಲಿರುವ ದೀಪ ಸಾರ್ವಜನಿಕ ಸ್ವತ್ತು. ಅದನ್ನು ಯಾರೂ ಮುಟ್ಟಬಾರದು. ಗುಜರಿಯಿಂದ ರಸೀದಿ ಸಹಿತ ಕೊಂಡದ್ದು ಮಾತ್ರ ಹವ್ಯಾಸಕ್ಕೆ ಯೋಗ್ಯ.

ದುರಸ್ತಿಯ ಮೊದಲ ಹಂತ ಶುಚಿಗೊಳಿಸುವುದು. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದುದರಿಂದ ಒಣಗಿದಂತೆಯೇ ಉಜ್ಜಬಾರದು. ನೀರು ತಾಗಿಸಿ, ಮುಖಕ್ಕೆ ರಕ್ಷಾಕವಚ ಧರಿಸಿ ಉಜ್ಜಿ, ಕೆರೆದ ಬಣ್ಣವನ್ನು ಕಾಗದದಲ್ಲಿ ಕೂಡಿಸಬೇಕು. ಕೋಳಿ, ಮಕ್ಕಳು ಆಡುವ ಅಂಗಳ ಈ ಕೆಲಸಕ್ಕೆ ಸಲ್ಲದು. ಪಾದರಸದ ಬಲ್ಬನ್ನು ಒಡೆಯಬಾರದು. ಹೊರಗಾಜು ಒಡೆದ ಬಲ್ಬನ್ನು ಉರಿಸಿದರೆ ಹೊಮ್ಮುವ ಅತಿನೇರಳೆ ಕಿರಣ ಕಣ್ಣಿಗೂ ಚರ್ಮಕ್ಕೂ ಅಪಾಯಕರ. ಹಳೆಯ ಕೆಪಾಸಿಟರ್‌ನೊಳಗಿನ ಎಣ್ಣೆ ವಿಷಕಾರಿಯಾಗಿರಬಹುದು, ಅದನ್ನು ಬಿಚ್ಚಬಾರದು.

ಎರಡನೆಯ ಹಂತ ತಂತಿಯದು. ರಬ್ಬರ್ ಮತ್ತು ನೂಲಿನ ಹೊದಿಕೆಯ ಹಳೆಯ ತಂತಿ ಬಾಗಿಸಿದೊಡನೆ ಪುಡಿಯಾಗುತ್ತದೆ. ಅದನ್ನು ಪೂರ್ತಿಯಾಗಿ ತೆಗೆಯಬೇಕು. ಬಿರುಕಿಲ್ಲದ ಪಿಂಗಾಣಿ ಹೋಲ್ಡರ್ ಉಳಿಯಬಹುದು. ತಿರುಪಿನ ಹೋಲ್ಡರ್ ಆದರೆ ಫೇಸ್ ತಂತಿ ನಡುವಿನ ಬಿಂದುವಿಗೆ, ನ್ಯೂಟ್ರಲ್ ತಂತಿ ತಿರುಪಿಗೆ ಸೇರಬೇಕು. ಲೋಹದ ಮೈಗೆ ಅರ್ಥಿಂಗ್ ಕಡ್ಡಾಯ. ವಿದ್ಯುತ್ ಕೊಡುವ ಮುನ್ನ 500 ವೋಲ್ಟಿನ ಮೆಗ್ಗರ್‌ನಿಂದ ಪರೀಕ್ಷಿಸಿದಾಗ ನಿರೋಧಕತೆ 1 ಮೆಗಾಓಮ್‌ಗಿಂತ ಕಡಿಮೆಯಿರಬಾರದು. 30 ಮಿಲಿಆಂಪಿಯರ್‌ನ ಸೋರಿಕೆ ರಕ್ಷಕ ಜೊತೆಗಿರಬೇಕು. ಅಂತಿಮ ಜೋಡಣೆಯನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಮಾಡುವುದು ಕ್ಷೇಮ.

ದೀಪ ಉರಿದೊಡನೆ ಕೆಲಸ ಮುಗಿಯಿತೆಂದು ಹೆಚ್ಚಿನವರು ಭಾವಿಸುತ್ತಾರೆ. ಗುಡ್ಡಗಾಡಿನಲ್ಲಿ ಅದು ಮುಗಿಯುವುದಿಲ್ಲ. 134.88 ಚದರ ಕಿಲೋಮೀಟರ್ ವಿಸ್ತೀರ್ಣದ ಚಿಂಚೋಳಿ ವನ್ಯಜೀವಿಧಾಮ 2011ರಲ್ಲಿ ಘೋಷಿತವಾದುದು ಈ ಕಾಡಿನಲ್ಲಿಯೇ. ತೋಳ, ಕತ್ತೆಕಿರುಬ, ಬಾವಲಿಗಳಿಗೆ ಕತ್ತಲೆ ಬದುಕಿನ ಆವರಣ. ಹಾರುವ ಕೀಟಗಳು ಬೆನ್ನನ್ನು ಬೆಳಕಿನತ್ತ ತಿರುಗಿಸಿಕೊಳ್ಳುತ್ತವೆ. ಹೀಗಾಗಿ ದೀಪದ ಸುತ್ತ ಸಿಕ್ಕಿಬೀಳುತ್ತವೆ ಎಂದು 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ನೀಲಿ ಮತ್ತು ಅತಿನೇರಳೆ ಬೆಳಕು ಅವುಗಳನ್ನು ಹೆಚ್ಚು ಸೆಳೆಯುತ್ತದೆ. ಪತಂಗ ಹಿಡಿಯುವ ಬೆಳಕಿನ ಬಲೆಗಳಲ್ಲಿ ಪಾದರಸದ ದೀಪ ಬಳಸುವುದು ಇದೇ ಕಾರಣಕ್ಕೆ.

ರೈತರಿಗೆ ಇನ್ನೊಂದು ಸಂಗತಿ ಮುಖ್ಯ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ತೊಗರಿ ಕಲಬುರಗಿ ಜಿಲ್ಲೆಯ ಜೀವಾಳ. ತೊಗರಿಯ ಸಾಂಪ್ರದಾಯಿಕ ತಳಿಗಳು ಹ್ರಸ್ವದಿನ ಸಸ್ಯಗಳು. ರಾತ್ರಿ ದೀರ್ಘವಾಗತೊಡಗಿದಾಗ ಹೂ ಬಿಡಬೇಕೆಂಬ ಸೂಚನೆ ಅವುಗಳಿಗೆ ಸಿಗುತ್ತದೆ. ಇಂತಹ ಸಸ್ಯದ ಮೇಲೆ ಇರುಳೆಲ್ಲ ದೀಪ ಬಿದ್ದರೆ ಆ ಎಣಿಕೆ ತಪ್ಪಿ ಹೂವು ತಡವಾಗಬಹುದು. ಬೀದಿದೀಪಕ್ಕೆ ಸಮೀಪದ ಸೋಯಾ ಗಿಡಗಳು ಸುತ್ತಲಿನವು ಮಾಗಿದ ಮೇಲೂ ಹಸಿರಾಗಿಯೇ ಉಳಿಯುವುದು ಕೃಷಿ ವಿಜ್ಞಾನಕ್ಕೆ ಪರಿಚಿತ ದೃಶ್ಯ.

ಆದುದರಿಂದ ಹೊಸ ತಂತಿಯೊಡನೆ ಮೂರು ನಿಯಮಗಳೂ ದೀಪದೊಳಗೆ ಸೇರಬೇಕು. ಬೆಳಕು 2700 ಕೆಲ್ವಿನ್ ಅಥವಾ ಅದಕ್ಕೂ ಕಡಿಮೆಯ ಹಳದಿ ಛಾಯೆಯದಾಗಿರಲಿ. ಎನಾಮೆಲ್ ತಗಡಿನ ಹಳೆಯ ಟೋಪಿಯನ್ನು ಎಸೆಯದೆ ಬಳಸಲಿ, ಏಕೆಂದರೆ ಅದು ಬೆಳಕನ್ನು ದಾರಿಯ ಮೇಲೆ ಕೆಡವುತ್ತದೆ. ಗಾಜಿನ ಗುಂಡುದೀಪವಾದರೆ ಮೇಲ್ಭಾಗಕ್ಕೆ ಒಳಗಿನಿಂದ ಮರೆ ಕಟ್ಟಲಿ. ಜನಸಂಚಾರ ನಿಂತ ಮೇಲೆ ಟೈಮರ್ ದೀಪವನ್ನು ಆರಿಸಲಿ.

ವಿದ್ಯಾರ್ಥಿಗಳು ಒಂದು ಪರೀಕ್ಷೆ ಮಾಡಬಹುದು. ಅಮಾವಾಸ್ಯೆಯ ರಾತ್ರಿ ದುರಸ್ತಿಗೊಂಡ ದೀಪವನ್ನು ಹೊತ್ತಿಸಿ ಹತ್ತಿರದ ತೊಗರಿ ಹೊಲದ ಬದುವಿನಲ್ಲಿ ನಿಂತು ನೋಡಲಿ. ದಾರಿ ಕಾಣಬೇಕು, ಬಲ್ಬು ಕಾಣಬಾರದು. ಬಲ್ಬು ಕಣ್ಣಿಗೆ ಬಿದ್ದರೆ ಅದರ ಬೆಳಕು ಬೆಳೆಗೂ ಬೀಳುತ್ತಿದೆಯೆಂದೇ ಅರ್ಥ. ಆಗ ಟೋಪಿಯನ್ನು ಇನ್ನೊಮ್ಮೆ ಸರಿಪಡಿಸುವುದು ಆ ಹವ್ಯಾಸದ ಕೊನೆಯ ಕೆಲಸ.