ಇಪ್ಪತ್ತು ಇಂಚಿನ ಲೆಕ್ಕ



ಸಕಲೇಶಪುರ ತಾಲ್ಲೂಕಿನ ಬೆಳಗೋಡು ಕಡೆ ಹೋಗಿದ್ದಾಗ ಕಾಫಿ ಬೆಳೆಗಾರರೊಬ್ಬರು ನನ್ನನ್ನು ಕೇಳಿದರು: "ಸಾರ್, ಅಮೆರಿಕದಲ್ಲಿ ಗಿಡ್ಡ ಕೋವಿಗೆ ಇದ್ದ ಕಾನೂನನ್ನೇ ಸಡಿಲ ಮಾಡ್ತಿದ್ದಾರಂತೆ. ಹಂದಿ ಕಾಟದಲ್ಲಿ ಸಾಯ್ತಿರೋ ನಮಗೆ ಮಾತ್ರ ಯಾಕೆ ಇಷ್ಟು ಬಿಗಿ?"

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಮೊದಲು ಅಮೆರಿಕದ ಕಥೆ ನೋಡೋಣ.

ಅಲ್ಲಿ 16 ಇಂಚಿಗಿಂತ ಗಿಡ್ಡ ನಳಿಗೆಯ ರೈಫಲ್ ಬೇಕಂದರೆ ಸರ್ಕಾರದಲ್ಲಿ ನೋಂದಣಿ ಮಾಡಿಸಬೇಕು, 200 ಡಾಲರ್ ತೆರಿಗೆಯನ್ನೂ ಕಟ್ಟಬೇಕಿತ್ತು. ಇದು 1934ರ ಕಾನೂನು. ದರೋಡೆ ಗ್ಯಾಂಗ್‌ಗಳ ಕಾಲ ಅದು. ಕೋಟಿನೊಳಗೆ ಬಚ್ಚಿಡಬಹುದಾದ ಆಯುಧಗಳಿಗೆ ಕಡಿವಾಣ ಹಾಕೋದೇ ಉದ್ದೇಶ. ಮೂಲ ಮಸೂದೆಯಲ್ಲಿ ಪಿಸ್ತೂಲು, ರಿವಾಲ್ವರ್ ಕೂಡ ಇದ್ದವು. ವಿರೋಧ ಬಂತು, ಅವನ್ನು ಕೈಬಿಟ್ಟರು, ಗಿಡ್ಡ ರೈಫಲ್ ಹಾಗೇ ಉಳಿಯಿತು. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾಯ್ದೆಯಿಂದ 2026ರ ಜನವರಿ 1ರಿಂದ ಆ ತೆರಿಗೆ ಸೊನ್ನೆ. ನೋಂದಣಿ ಮಾತ್ರ ಉಳಿದಿದೆ. ತೆರಿಗೆಯೇ ಇಲ್ಲದ ಮೇಲೆ ನೋಂದಣಿ ಯಾಕೆ ಅಂತ ಕೋವಿ ಪರ ಸಂಘಟನೆಗಳು ಕೋರ್ಟಿಗೆ ಹೋಗಿವೆ.

ಅವರ ವಾದ ಏನು? ಪಿಸ್ತೂಲು ಅಂಗಡಿಯಲ್ಲಿ ಸಲೀಸಾಗಿ ಸಿಗುವಾಗ ಗಿಡ್ಡ ರೈಫಲ್‌ಗೆ ಮಾತ್ರ ಯಾಕೆ ತಕರಾರು ಅಂತ. ಅಲ್ಲಿಗೆ ಆ ವಾದ ಸರಿ ಅನ್ನಿಸಬಹುದು. ಆದರೆ ನಮ್ಮಲ್ಲಿ ಪಿಸ್ತೂಲೂ ಸಲೀಸಾಗಿ ಸಿಗಲ್ಲ. ಹಾಗಾಗಿ ಆ ವಾದ ಬೆಳಗೋಡಿಗೆ ಬರುವ ಹೊತ್ತಿಗೆ ಅದಕ್ಕೆ ನಿಲ್ಲೋಕೆ ನೆಲವೇ ಇರೋದಿಲ್ಲ.

ಈಗ ನಮ್ಮ ಕಾನೂನಿಗೆ ಬನ್ನಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಓದಿ ನನಗೇ ಆಶ್ಚರ್ಯವಾಯಿತು. ಬೆಳೆ ರಕ್ಷಣೆಗೆ ಕೇಪಿನ ಕೋವಿ ಕೇಳುವ ರೈತನ ಹೆಸರಿನಲ್ಲೇ ಅಲ್ಲೊಂದು ಮಾತಿದೆ. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ತೋಟಾ ಕೋವಿಯನ್ನೂ ಕೊಡಬಹುದು. ಷರತ್ತು ಒಂದೇ, ನಳಿಗೆ 20 ಇಂಚಿಗೆ ಕಮ್ಮಿ ಇರಬಾರದು. ಲೈಸೆನ್ಸ್ ಇಲ್ಲದೆ ನಳಿಗೆ ಕತ್ತರಿಸಿದರೆ? 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ ಜೈಲು.

ಅಂದರೆ ಆಗಿನ ಸಂಸತ್ತಿಗೆ ಒಂದು ವ್ಯತ್ಯಾಸ ಗೊತ್ತಿತ್ತು. ಉದ್ದ ಕೋವಿ ಹೆಗಲ ಮೇಲೆ ಎಲ್ಲರಿಗೂ ಕಾಣುತ್ತೆ. ಗಿಡ್ಡ ಕೋವಿ ಅಂಗಿಯೊಳಗೆ ಅವಿತುಕೊಳ್ಳುತ್ತೆ. ಗದ್ದೆಗೆ ಬರುವ ಹಂದಿಯಿಂದ ಕೋವಿ ಮುಚ್ಚಿಡಬೇಕಾದ ಅಗತ್ಯ ಯಾವ ರೈತನಿಗಿದೆ, ಹೇಳಿ?

ಹಾಗಾದರೆ ಬೆಳೆಗಾರರ ಸಂಕಟ ಸುಳ್ಳಾ? ಖಂಡಿತ ಅಲ್ಲ. ಅವರ ತಕರಾರು ಇಂಚಿನದ್ದಲ್ಲ, ಕಾಗದದ್ದು. ಅರ್ಜಿ ಹಾಕು, ಪೊಲೀಸ್ ವರದಿಗೆ ಕಾಯಿ, ನವೀಕರಣಕ್ಕೆ ಅಲೆ. ಚುನಾವಣೆ ಬಂದರೆ ಕೋವಿ ಠಾಣೆಯಲ್ಲಿ ಠೇವಣಿ. ಹಂದಿಗೆ ನೀತಿ ಸಂಹಿತೆ ಗೊತ್ತಾ? ಯಸಳೂರು ದಾಟಿದರೆ ಕೊಡಗು. ಅಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ 2029ರವರೆಗೆ ಲೈಸೆನ್ಸ್‌ನಿಂದಲೇ ವಿನಾಯಿತಿ. 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಪಕ್ಕದ ಹಾಸನದವರಿಗೆ ಹೊಟ್ಟೆ ಉರಿಯೋದು ಸಹಜ.

ಆದರೂ ನಾನು ವಿನಾಯಿತಿ ಕೇಳಲ್ಲ. ಯಾಕೆ ಅಂತೀರಾ? ಸೊಪ್ಪು ಅಲ್ಲಾಡಿತು ಅಂತ ಗುಂಡು ಹಾರಿಸಿ, ಓಡಿಹೋಗಿ ನೋಡಿದರೆ ಬಿದ್ದಿರುವುದು ಜೊತೆಗೆ ಬಂದ ಗೆಳೆಯ. ಮಲೆನಾಡಿನಿಂದ ಬರುವ ಇಂಥ ಸುದ್ದಿಯನ್ನು ಓದುವಾಗ ಪ್ರತಿ ಸಲ ನನ್ನ ಗಂಟಲು ಕಟ್ಟುತ್ತೆ. ಕೋವಿ ಯಾರ ಕೈಯಲ್ಲಿದೆ ಅನ್ನೋದು ಊರಿಗೂ ಸರ್ಕಾರಕ್ಕೂ ಗೊತ್ತಿರಲೇಬೇಕು.

ಇನ್ನು ಆನೆ. ಆಲೂರು, ಸಕಲೇಶಪುರದಲ್ಲಿ ಬೆಳಿಗ್ಗೆ ತೋಟಕ್ಕೆ ಹೋದ ಕೂಲಿ ಹೆಣ್ಣುಮಗಳು ಸಂಜೆ ಮನೆಗೆ ಬರುತ್ತಾಳೆ ಅನ್ನೋ ಖಾತ್ರಿ ಇಲ್ಲ. ಅದಕ್ಕೆ ಕೋವಿ ಮದ್ದಲ್ಲ. ಆನೆಗೆ ಗುಂಡು ಹೊಡೆಯೋದು ಅಪರಾಧ, ಗಾಯಗೊಂಡ ಆನೆ ಇನ್ನೂ ಅಪಾಯ. ಅಂಬಾರಿ ಹೊತ್ತ ಅರ್ಜುನನಂಥ ಅರ್ಜುನನೇ 2023ರ ಡಿಸೆಂಬರ್ 4ರಂದು ಯಸಳೂರು ಬಳಿ ಕಾಡಾನೆ ಕಾರ್ಯಾಚರಣೆಯಲ್ಲಿ ಜೀವ ಬಿಟ್ಟ. ಆನೆ ಸಮಸ್ಯೆಯನ್ನು ರೈತನ ಕೈಗೆ ಕೋವಿ ಕೊಟ್ಟು ಬಗೆಹರಿಸ್ತೀವಿ ಅನ್ನೋರು ತಮ್ಮ ಕೆಲಸವನ್ನು ಅವನ ಹೆಗಲಿಗೆ ಹೊರಿಸುತ್ತಿದ್ದಾರೆ, ಅಷ್ಟೇ.

ಹಾಗಾಗಿ ಆ ಬೆಳೆಗಾರರಿಗೆ ನನ್ನ ಉತ್ತರ ಇದು. ಇಂಚು ಬಿಗಿಯಾಗಿಯೇ ಇರಲಿ, ಕಡತ ಸಡಿಲವಾಗಲಿ. ಕಾನೂನು ರೈತನಿಗೆ ಕೊಡು ಅಂದಿದ್ದನ್ನು ಕಚೇರಿ ಹೊತ್ತಿಗೆ ಸರಿಯಾಗಿ ಕೊಡಲಿ. ಭತ್ತ ತೆನೆ ಕಟ್ಟಿದಾಗ ಹಾಕಿದ ಅರ್ಜಿಗೆ ಕೊಯ್ಲು ಮುಗಿದ ಮೇಲೆ ಉತ್ತರ ಬಂದರೆ, ಅದು ಯಾರ ರಕ್ಷಣೆ ಸ್ವಾಮಿ?

ಯೋಚನೆ ಮಾಡಿ.