ಮಾತಾಡುವ ಡೋಲು

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)

ಗೆಳೆಯರೇ,

ಅಪ್ಪ ತಮಟೆ ಬಡೀತಾನೆ ಅಂತ ಕಾಲೇಜಲ್ಲಿ ಹೇಳೋಕೆ ನಾವು ಹಿಂಜರೀತೀವಿ. ತಮಟೆ ಇಲ್ಲದೆ ಊರಹಬ್ಬ ನಡೆಯಲಿಲ್ಲ, ಬಡಿದ ಕೈಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅದಕ್ಕೇ ಇವತ್ತು ದೂರದ ಒಂದು ಡೋಲಿನ ವಿಚಾರ ಹೇಳ್ತೀವಿ.

ಪಶ್ಚಿಮ ಆಫ್ರಿಕಾದ ನೈಜೀರಿಯಾದಲ್ಲಿ ಯೊರುಬಾ ಜನರಿದ್ದಾರೆ. ಅವರ ಡೋಲು ದುಂದುನ್. ನಮ್ಮ ಬುಡಬುಡಿಕೆಯ ಹಾಗೆ ಎರಡು ಬಾಯಿ ಅಗಲ, ನಡು ಸಣ್ಣ. ಆದರೆ ಕಂಕುಳಲ್ಲಿ ಅವುಚಿಕೊಳ್ಳುವಷ್ಟು ದೊಡ್ಡದು.

ಮಾಡೋದು ಒಂದೇ ಮರದ ದಿಮ್ಮಿಯಿಂದ. ಹೊರಗೆ ಕೆತ್ತಿ ನಡು ಸಣ್ಣ ಮಾಡ್ತಾರೆ, ಒಳಗೆ ಈ ತುದಿಯಿಂದ ಆ ತುದಿಗೆ ಕೊರೀತಾರೆ. ಎರಡು ಬಾಯಿಗೂ ಆಡಿನ ತೆಳು ಚರ್ಮ. ಕೂದಲು ತೆಗೆದು, ನೆನೆಸಿ, ಹಸಿಯಿದ್ದಾಗಲೇ ಬಳೆಗೆ ಬಿಗೀತಾರೆ. ಆಮೇಲೆ ತೊಗಲಿನ ಸಣ್ಣ ಬಾರುಗಳನ್ನು ಒಂದು ಬಾಯಿಂದ ಇನ್ನೊಂದಕ್ಕೆ ಒತ್ತೊತ್ತಾಗಿ ಸುತ್ತಲೂ ಎಳೆದು ಕಟ್ತಾರೆ. ನಡು ಸಣ್ಣ ಇರೋದರಿಂದ ಬಾರು ಅಲ್ಲಿ ಮರಕ್ಕೆ ತಾಗೋಲ್ಲ. ಗುಟ್ಟು ಇರೋದೇ ಅಲ್ಲಿ. ತೋಳಿನಿಂದ ಬಾರು ಅದುಮಿದರೆ ಚರ್ಮ ಬಿಗಿದು ದನಿ ಏರುತ್ತೆ, ಬಿಟ್ಟರೆ ಇಳಿಯುತ್ತೆ. ನಾವು ತಮಟೆ ಬೆಂಕಿಗೆ ಹಿಡಿದು ಬಿಸಿ ಮಾಡ್ತೀವಿ. ಅವರು ಪೆಟ್ಟು ಪೆಟ್ಟಿಗೂ ತೋಳಲ್ಲೇ ಶ್ರುತಿ ಮಾಡ್ತಾರೆ. ಬಡಿಯೋಕೆ ಬಾಗಿದ ಕೋಲು.

ಯೊರುಬಾ ಮಾತಿಗೆ ಮೇಲು, ನಡು, ಕೆಳಗು ಅಂತ ಮೂರು ದನಿ. ದನಿ ಬದಲಾದರೆ ಅರ್ಥವೇ ಬದಲು. ಆ ಏರಿಳಿತವನ್ನು ಡೋಲು ನುಡಿಯುತ್ತೆ, ಗಾದೆ ಹೇಳುತ್ತೆ. ಬಾರಿಸೋ ಮನೆತನದವರು ಹೆಸರಿನ ಮುಂದೆ ‘ಆಯನ್’ ಅಂತ ಸೇರಿಸಿಕೊಳ್ತಾರೆ. ಅದು ಡೋಲಿನ ದೈವದ ಹೆಸರು. ಘಾನಾದ ದಗೊಂಬಾ ಜನರಲ್ಲಿ ಇಂಥದೇ ಡೋಲು ಬಾರಿಸೋರೇ ಅರಸರ ಚರಿತ್ರೆಕಾರರು.

ಹಾಗಂತ ಆಫ್ರಿಕಾ ಸ್ವರ್ಗ ಅಂತ ನಾವು ಹೇಳ್ತಿಲ್ಲ. ಸೆನೆಗಲ್‌ನಲ್ಲೂ ಇಂಥ ಡೋಲಿದೆ, ‘ತಾಮ’ ಅಂತ. ಅಲ್ಲಿ ಬಾರಿಸೋರದ್ದು ಹುಟ್ಟಿನಿಂದಲೇ ಕೀಳು ಅನ್ನಿಸಿಕೊಂಡ ಕುಲ. ಅವರ ಹೆಣ ಹೂಳಿದರೆ ನೆಲ ಬಂಜೆಯಾಗುತ್ತೆ ಅಂತ ಹಿಂದೆ ಬಾವೊಬಾಬ್ ಮರದ ಪೊಟರೆಯಲ್ಲಿ ಇಡ್ತಿದ್ದರು. ಚರಿತ್ರೆ ಹೇಳಿದವನಿಗೇ ಮಣ್ಣಿಲ್ಲ!

ಯೋಚನೆ ಮಾಡಿ. ಮೈಲಿಗೆ ಚರ್ಮದಲ್ಲೇ ಇದ್ದಿದ್ದರೆ ಎಲ್ಲ ಕಡೆಯೂ ಇರಬೇಕಿತ್ತು. ಮೃದಂಗಕ್ಕೂ ಚರ್ಮವೇ. ಬಾರಿಸಿದವರಿಗೆ ಶಾಲು, ಹದ ಮಾಡಿದವರಿಗೆ ಹೊರಬಾಗಿಲು. ಮೈಲಿಗೆ ಹಚ್ಚಿದ್ದು ಮನುಷ್ಯರು. ಹಚ್ಚಿದ್ದನ್ನು ಒರೆಸಬಹುದು.

ಯಾರೋ ಕರೆದಾಗ ಬಿಟ್ಟಿ ಬಡಿಯೋದು ಬೇಡ. ನಮ್ಮ ಸಭೆಗೆ, ನಮ್ಮ ಜಾಥಾಕ್ಕೆ ಬಡಿಯೋಣ. ರಜೆಗೆ ಊರಿಗೆ ಹೋದಾಗ ತಮಟೆ ಕಟ್ಟೋ ಅಜ್ಜನ ಪಕ್ಕ ಕೂತು, ಯಾವ ಚರ್ಮ, ಎಷ್ಟು ದಿನ ನೆನೆ ಹಾಕ್ತೀಯ ಅಂತ ಕೇಳಿ ಬರೆದುಕೊಳ್ಳಿ. ಅದೂ ವಿದ್ಯೆಯೇ.

ಜೈ ಭೀಮ್.