ರಸಾಯನಶಾಸ್ತ್ರ ಓದುತ್ತೇನೆ ಎನ್ನುವವರಿಗೆ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಹಾಗೂ ಪೋಷಕರನ್ನು ಉದ್ದೇಶಿಸಿ ಹಿರಿಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಮುಖ್ಯೋಪಾಧ್ಯಾಯರು ಮೊನ್ನೆ ಫೋನಿನಲ್ಲಿ, "ಈ ಸಲ ಏಳೆಂಟು ಮಕ್ಕಳು ಕೆಮಿಸ್ಟ್ರಿ ಓದ್ತೀವಿ ಅಂತಿದ್ದಾರೆ, ಓದಿದರೆ ಏನಾಗ್ತಾರೆ ಅಂತ ನೀವೇ ಹೇಳಿ" ಎಂದರು. ನಾನು 1992ರಲ್ಲಿ ಈ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿದವನು. ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್ಸಿ., ಎಂ.ಎಸ್ಸಿ. ಮಾಡಿ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ದುಡಿದಿದ್ದೇನೆ. ಆಗ ನನಗೆ ಯಾರೂ ಹೇಳದಿದ್ದ ಕೆಲವು ಸಂಗತಿಗಳನ್ನು ಹೇಳಿ ಕೂರುತ್ತೇನೆ.

ಬಿ.ಎಸ್ಸಿ. ಎಂದರೆ ಬರೀ ಕೆಮಿಸ್ಟ್ರಿ ಅಲ್ಲ. ನಮ್ಮ ಕಾಲೇಜುಗಳಲ್ಲಿ ಅದು ಮೂರು ವಿಷಯಗಳ ಜೊತೆ. ಭೌತಶಾಸ್ತ್ರ, ಗಣಿತದ ಜೊತೆ ತೆಗೆದುಕೊಂಡರೆ ಪಿ.ಸಿ.ಎಂ.; ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಜೊತೆಯಾದರೆ ಸಿ.ಬಿ.ಝಡ್. ಈ ಎರಡರಲ್ಲೂ ಕೆಮಿಸ್ಟ್ರಿ ಪಾಠ ಒಂದೇ, ಪ್ರಾಕ್ಟಿಕಲ್ ಒಂದೇ. ನಾನು ಮೋಸಹೋದದ್ದು ಇಲ್ಲೇ. ಪಿಯುಸಿ ಗಣಿತದಲ್ಲಿ ನನಗೆ ಬಂದದ್ದು 38. ಕೆಮಿಸ್ಟ್ರಿ ಎರಡು ಕಡೆಯೂ ಒಂದೇ ಅಂದಮೇಲೆ ಗಣಿತದ ಗೋಳು ಯಾಕೆ ಎಂದು ಸಿ.ಬಿ.ಝಡ್. ಎಂದು ಬರೆದುಕೊಟ್ಟೆ. ಮೂರು ವರ್ಷ ಆರಾಮಾಗಿತ್ತು. ಬ್ಯೂರೆಟ್ ಹಿಡಿದರೆ ನನ್ನಷ್ಟು ಕರಾರುವಾಕ್ಕಾಗಿ ನಿಲ್ಲಿಸುವವರಿರಲಿಲ್ಲ. ಪರ್ಮಾಂಗನೇಟ್ ಟೈಟ್ರೇಷನ್ನಿನಲ್ಲಿ ಆ ತೆಳು ಗುಲಾಬಿ ಬಣ್ಣ ಬಂದು ನಿಂತಾಗ ಆಗುವ ಸಂತೋಷವಿದೆಯಲ್ಲ, ಅದಕ್ಕಾಗಿಯೇ ಇವತ್ತಿಗೂ ಈ ಕಸುಬಿನಲ್ಲಿದ್ದೇನೆ.

ಮಾನಸಗಂಗೋತ್ರಿಗೆ ಎಂ.ಎಸ್ಸಿ.ಗೆ ಹೋದ ಮೊದಲ ತಿಂಗಳೇ ಭೌತ ರಸಾಯನಶಾಸ್ತ್ರದ ತರಗತಿಯಲ್ಲಿ ಶ್ರೋಡಿಂಗರ್ ಸಮೀಕರಣ ಬಂತು. ಬೋರ್ಡಿನ ತುಂಬ ಡಿಫರೆನ್ಷಿಯೇಷನ್, ಇಂಟಿಗ್ರೇಷನ್. ಪಕ್ಕದ ಪಿ.ಸಿ.ಎಂ. ಹುಡುಗ ಬರೆದುಕೊಳ್ಳುತ್ತಿದ್ದ, ನಾನು ಚಿತ್ರ ನೋಡುವಂತೆ ನೋಡುತ್ತಿದ್ದೆ. ಮೊದಲ ಟೆಸ್ಟಿನಲ್ಲಿ 20ಕ್ಕೆ 3. ಓದು ಬಿಟ್ಟು ಊರಿಗೆ ಬಂದು ಅಪ್ಪನ ಜೊತೆ ರೇಷ್ಮೆ ಸಾಕುತ್ತೇನೆ ಎಂದು ದಸರಾ ರಜೆಗೆ ಬಂದೆ. ಅಪ್ಪ ಏನೂ ಅನ್ನಲಿಲ್ಲ. ಆ ಸುಮ್ಮನಿದ್ದದ್ದೇ ಹೆಚ್ಚು ಕಷ್ಟವಾಯಿತು.

ಇದೇ ಶಾಲೆಯಲ್ಲಿ ನಮಗೆ ಗಣಿತ ಕಲಿಸಿ ಆಗಷ್ಟೇ ನಿವೃತ್ತರಾಗಿದ್ದ ಮೇಷ್ಟ್ರು ಜಗಲಿಯ ಮೇಲೆ ಕೂತಿದ್ದವರು, "ಯಾಕೋ ಮುಖ ಸಪ್ಪಗಿದೆ?" ಎಂದು ಕರೆದರು. "ಸಾರ್, ಕೆಮಿಸ್ಟ್ರಿ ಒಳಗೂ ಗಣಿತ ಬಂದುಬಿಟ್ಟಿದೆ" ಎಂದೆ. "ಅದು ಅಲ್ಲೇ ಇತ್ತು ಕಣೋ, ಓಡಿಹೋಗಿದ್ದು ನೀನು" ಎಂದರು. ಮಾರನೆಯ ದಿನದಿಂದ ಸಂಜೆ ಸಂಜೆ ಎರಡನೇ ಪಿಯುಸಿ ಗಣಿತದ ಪುಸ್ತಕ ಹಿಡಿದು ಕೂರಿಸಿದರು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಆ ಲೆಕ್ಕ ಮಾಡಿದೆ. ಎಂ.ಎಸ್ಸಿ. ಮುಗಿಯಿತು, ಎರಡನೆಯ ದರ್ಜೆಯಲ್ಲಿ. ಮೇಷ್ಟ್ರು ಈಗಿಲ್ಲ.

ಸಿ.ಬಿ.ಝಡ್. ಕೀಳು ಎಂದು ತಿಳಿಯಬೇಡಿ. ಜೀವರಸಾಯನಶಾಸ್ತ್ರಕ್ಕೋ ಆಹಾರ ವಿಜ್ಞಾನಕ್ಕೋ ಹೋಗುವವರಿಗೆ ಅದು ಒಳ್ಳೆಯ ಬುನಾದಿ. ಗಿಡ, ಪ್ರಾಣಿಗಳ ಮೇಲೆ ಪ್ರೀತಿಯಿಂದ ತೆಗೆದುಕೊಂಡರೆ ಸರಿ. ನಾನು ತೆಗೆದುಕೊಂಡಿದ್ದು ಹೆದರಿಕೆಯಿಂದ. ಮೇಷ್ಟ್ರಾಗಬೇಕೆನ್ನುವವರೂ ಇದನ್ನು ಗಮನಿಸಿ. ಪ್ರೌಢಶಾಲೆಯ ಶಿಕ್ಷಕರ ಹುದ್ದೆಗಳೇ ಪಿ.ಸಿ.ಎಂ., ಸಿ.ಬಿ.ಝಡ್. ಎಂದು ಬೇರೆ ಬೇರೆ. ನಿಮ್ಮ ಶಾಲೆಯಲ್ಲೇ ನೋಡುತ್ತಿದ್ದೀರಿ.

ಮೇಷ್ಟ್ರಾಗುವವರಿಗೆ ಇನ್ನೊಂದು ದಾರಿಯಿದೆ. ಡಿಗ್ರಿ 3 ವರ್ಷ, ಆಮೇಲೆ ಬಿ.ಎಡ್. 2 ವರ್ಷ, ಒಟ್ಟು 5. ಮಾನಸಗಂಗೋತ್ರಿಯ ಪಕ್ಕದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ, ಆರ್.ಐ.ಇ. ಅಂತೀವಲ್ಲ, ಅಲ್ಲಿ ಎರಡೂ ಒಟ್ಟಿಗೆ 4 ವರ್ಷದಲ್ಲಿ ಮುಗಿಯುತ್ತದೆ. ಪಿಯುಸಿ ಆದಮೇಲೆ ಪ್ರವೇಶ ಪರೀಕ್ಷೆ ಬರೆಯಬೇಕು. ಹಳ್ಳಿಯ ಮಕ್ಕಳಿಗೆ ಇದು ಗೊತ್ತಾಗುವುದು ಅರ್ಜಿಯ ದಿನ ಕಳೆದಮೇಲೆ.

ಡಿಗ್ರಿ ಮೂರು ವರ್ಷವೋ ನಾಲ್ಕೋ ಎಂದು ಪೋಷಕರೊಬ್ಬರು ಈಗಷ್ಟೇ ಕೇಳಿದರು. ರಾಜ್ಯದಲ್ಲಿ 2021-22ರಿಂದ ನಾಲ್ಕು ವರ್ಷದ ಪದ್ಧತಿ ಬಂದಿತ್ತು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಾರಿಯೇ ಬೇರೆ. ಅಲ್ಲಿ 2011ರಿಂದ ನಾಲ್ಕು ವರ್ಷದ ಸಂಶೋಧನಾ ಪದವಿ ಇದೆ, ಅದರಲ್ಲಿ ಕೆಮಿಸ್ಟ್ರಿಯನ್ನು ಮುಖ್ಯ ವಿಷಯವಾಗಿ ಆರಿಸಿಕೊಳ್ಳಬಹುದು. ಆದರೆ ಮೊದಲ ಮೂರು ಸೆಮಿಸ್ಟರ್ ಯಾರೇ ಆಗಲಿ ಭೌತಶಾಸ್ತ್ರ, ಗಣಿತ, ರಸಾಯನಶಾಸ್ತ್ರ, ಜೀವಶಾಸ್ತ್ರ ನಾಲ್ಕನ್ನೂ ಓದಲೇಬೇಕು. ನಮ್ಮ ಮೇಷ್ಟ್ರು ಕೇಳಿದ್ದರೆ ಜೋರಾಗಿ ನಗುತ್ತಿದ್ದರು.

"ಬರೀ ಬಿ.ಎಸ್ಸಿ.ನಾ?" ಎಂದು ಮೂಗು ಮುರಿಯುವ ನೆಂಟರು ಎಲ್ಲರ ಮನೆಯಲ್ಲೂ ಇರುತ್ತಾರೆ. ಭಾರತರತ್ನ ಸಿ.ಎನ್.ಆರ್. ರಾವ್ ಅವರು 1951ರಲ್ಲಿ ಪಡೆದದ್ದೂ ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್ಸಿ.ಯನ್ನೇ.

ಕೆಮಿಕಲ್ ಇಂಜಿನಿಯರಿಂಗ್ ಬೇರೆ, ಕೆಮಿಸ್ಟ್ರಿ ಬೇರೆ. 100 ಮಿಲಿಲೀಟರ್ ಫ್ಲಾಸ್ಕಿನಲ್ಲಿ ಒಂದು ಕ್ರಿಯೆ ನಡೆದು ಬಿಸಿಯಾದರೆ ಐಸಿನಲ್ಲಿ ಇಟ್ಟರೆ ಸಾಕು. ಅದನ್ನೇ 100 ಲೀಟರಿನ ಪಾತ್ರೆಯಲ್ಲಿ ಮಾಡಿ. ಪಾತ್ರೆಯ ಆಕಾರ ಅದೇ ಇದ್ದರೆ ಒಳಗಿನ ದ್ರವ 1000 ಪಟ್ಟು ಆಯಿತು, ಬಿಸಿ ಹೊರಹೋಗುವ ಮೈ ಮಾತ್ರ 100 ಪಟ್ಟು. ಬಿಸಿ ಒಳಗೇ ಉಳಿದರೆ ಪಾತ್ರೆ ಸಿಡಿಯಬಹುದು. ಯಾವುದರ ಜೊತೆ ಯಾವುದು ಸೇರಿ ಏನಾಗುತ್ತದೆ ಎಂದು ಹುಡುಕುವವನು ಕೆಮಿಸ್ಟ್, ಈ ಪಾತ್ರೆಯ ಚಿಂತೆ ಇಂಜಿನಿಯರನದು. ಹಾಗೆಯೇ ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್ ಆಗಲು ಕೆಮಿಸ್ಟ್ರಿಯ ಬಿ.ಎಸ್ಸಿ. ಸಾಲದು. ಅದಕ್ಕೆ ಫಾರ್ಮಸಿಯನ್ನೇ ಓದಿರಬೇಕು.

ನನ್ನ ಕೆಲಸ ಏನು ಎನ್ನುತ್ತೀರಾ? ನೀವು ಜ್ವರಕ್ಕೆ ನುಂಗುವ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಮಾತ್ರೆಯಲ್ಲಿ ಸರಾಸರಿ 475ಕ್ಕಿಂತ ಕಡಿಮೆ, 525ಕ್ಕಿಂತ ಹೆಚ್ಚು ಔಷಧ ಇರಬಾರದು. ಪ್ರತಿ ಬ್ಯಾಚೂ ಲ್ಯಾಬಿಗೆ ಬರುತ್ತದೆ. ತೂಗುತ್ತೇವೆ, ಕರಗಿಸುತ್ತೇವೆ, ಅಳೆಯುತ್ತೇವೆ, ಸಹಿ ಹಾಕುತ್ತೇವೆ. ಸುಳ್ಳು ಹೇಳಲಾರೆ, ಬಿ.ಎಸ್ಸಿ. ಮಾತ್ರ ಆದವರಿಗೆ ಶುರುವಿನಲ್ಲಿ ಸಂಬಳ ಕಡಿಮೆ, ರಾತ್ರಿ ಪಾಳಿಯೂ ಇರುತ್ತದೆ. ಸಹಿ ಹಾಕುವಾಗ ಮಾತ್ರ ಇವತ್ತಿಗೂ ಕೈ ಒಂದು ಕ್ಷಣ ನಿಲ್ಲುತ್ತದೆ.

ಕನ್ನಡ ಮಾಧ್ಯಮದ ಹೆದರಿಕೆಯ ಬಗ್ಗೆ ಒಂದು ಮಾತು. ಉತ್ಕರ್ಷಣ, ಅಪಕರ್ಷಣ ಎಂದು ಇಲ್ಲಿ ಅರ್ಥಮಾಡಿಕೊಂಡವರಿಗೆ ಆಕ್ಸಿಡೇಷನ್, ರಿಡಕ್ಷನ್ ಎನ್ನುವುದು ಬರೀ ಹೆಸರು ಬದಲಾದಂತೆ. ಒಂದು ನೋಟ್‌ಬುಕ್ ಮಧ್ಯೆ ಗೆರೆ ಹಾಕಿ, ಎಡಗಡೆ ಕನ್ನಡದ್ದು, ಬಲಗಡೆ ಇಂಗ್ಲಿಷಿನದು ಈಗಿನಿಂದಲೇ ಬರೆದಿಡಿ. ನನ್ನದು ಇನ್ನೂ ಇದೆ, ಗೆದ್ದಲು ಸ್ವಲ್ಪ ತಿಂದಿದೆ.

ನಾಳೆಯೂ ಊರಿನಲ್ಲಿ ಇರುತ್ತೇನೆ. ಹತ್ತು ಗಂಟೆಗೆ ವಿಜ್ಞಾನ ಕೊಠಡಿಗೆ ಬನ್ನಿ, ಅಪ್ಪ ಅಮ್ಮನನ್ನೂ ಕರೆದುಕೊಂಡು ಬನ್ನಿ. ಗಣಿತದಲ್ಲಿ 38 ತೆಗೆದವರು ಮೊದಲು ಬನ್ನಿ.